ಶೇಡಿ ಮಣ್ಣು ಮತ್ತು ಗುಡ್ಡದ ಮೇಲಿನ ಚರಂಡಿ

ಮಂಗಳೂರಿನ ಹೊರವಲಯದಲ್ಲಿ ಗುಡ್ಡ ಕಡಿದು ಲೇಔಟ್ ಮಾಡುತ್ತಿದ್ದೆವು, ನಾನು ಸೈಟ್ ಇಂಜಿನಿಯರ್. ಜೂನ್ ತಿಂಗಳ ಒಂದೇ ರಾತ್ರಿಯ ಮಳೆಗೆ ಧರೆ, ಅಂದರೆ ಗುಡ್ಡ ಕಡಿದಲ್ಲಿ ಉಳಿದ ನೆಟ್ಟನೆಯ ಬದಿ, ಜರಿಯಿತು. ಬೆಳಿಗ್ಗೆ ಕೆಳಗಿನ ತೋಟದ ಹಿರಿಯರು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದರು. "ನಿಮ್ಮ ಗುಡ್ಡ ಈಗ ನಮ್ಮ ತೋಡಲ್ಲಿ ಉಂಟು ಮಾರಾಯ್ರೇ, ಬಂದು ನೋಡಿ." ಬೈಯಲಿಲ್ಲ. ಹೋಗಿ ನೋಡಿದರೆ ತೋಡು ಎಂಬ ಆ ಸಣ್ಣ ಹಳ್ಳ ಹೂತು, ನೀರು ಅಡಿಕೆ ಬುಡಗಳ ಮೇಲೆ ಹರಿಯುತ್ತಿತ್ತು.

ತಪ್ಪು ನನ್ನದೇ. ಕೆಳಗೆ ಹೂಳಿನ ಗುಂಡಿ ತೆಗೆಸಿದ್ದೆ, ಮರಳು ಚೀಲ ಇಡಿಸಿದ್ದೆ. ನೆತ್ತಿಯಿಂದ ಇಳಿಯುವ ನೀರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಮ್ಮ ಕರಾವಳಿಯ ಗುಡ್ಡಗಳಿಗೆ ಮುರಕಲ್ಲೇ, ಅಂದರೆ ಕೆಂಪು ಜಂಬಿಟ್ಟಿಗೆಯೇ, ಕವಚ. ಅದರಡಿ ಇರುವುದು ಶೇಡಿ ಎಂಬ ನುಣುಪು ಮಣ್ಣು. ಬೇಸಿಗೆಯಲ್ಲಿ ಪಿಕಾಸಿಗೂ ಸುಲಭಕ್ಕೆ ಬಗ್ಗದು, ನೋಡಿದವರು ಗಟ್ಟಿ ನೆಲ ಎಂದೇ ತಿಳಿಯುತ್ತಾರೆ. ಅಂದು ಒಂದು ಒಣ ಹೆಂಟೆಯನ್ನು ನೀರಿನ ಲೋಟಕ್ಕೆ ಹಾಕಿದೆ. ಗುಳ್ಳೆ ಎದ್ದವು, ಅಂಚು ಪುಡಿಯಾಗಿ ಉದುರಿತು, ಚಹಾ ಕುಡಿದು ಮುಗಿಸುವಷ್ಟರಲ್ಲಿ ತಳದಲ್ಲಿ ಬರೀ ರಾಡಿ. ಅದರ ಕಣ ಎಷ್ಟು ನುಣುಪೆಂದರೆ, ಹರಿಯುವ ನೀರಲ್ಲಿ ಗುಂಡಿಯ ತಳ ಸೇರುವ ಮೊದಲೇ ಹೊರಗೆ ಹೋಗಿರುತ್ತದೆ. ಹಾಗಾಗಿ ಕೆಳಗಿನ ಗುಂಡಿಯನ್ನೇ ನಂಬಿ ಕೂರುವ ಹಾಗಿಲ್ಲ. ಗುಡ್ಡ ಕಡಿದ ಮುಖವನ್ನು ನೀರು ಮುಟ್ಟಲೇಬಾರದು.

ಮರುವರ್ಷ ಕೆಲಸದ ಕ್ರಮವನ್ನೇ ತಿರುಗಿಸಿದೆವು. ಮೊದಲು ಧರೆಯ ನೆತ್ತಿಯ ಹಿಂದೆ ಚರಂಡಿ, ಅದೂ ಕಾಂಕ್ರೀಟಿನದು. ಬರೀ ಮಣ್ಣಿನ ಚರಂಡಿಯಾದರೆ ನಾವೇ ಶೇಡಿಗೆ ನೀರುಣಿಸಿದಂತೆ. ಅಲ್ಲಿಂದ ನೀರು ಇಳಿಯಲು ಮೆಟ್ಟಿಲು. ಲೆಕ್ಕದ ಪ್ರಕಾರ ನೀರಿನ ವೇಗ 2 ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಬಿದ್ದು ಬಿದ್ದು ಅದರ ಸೊಕ್ಕು ಇಳಿಯಬೇಕು. ಧರೆಯ ಮುಖಕ್ಕೆ ತೆಂಗಿನ ನಾರಿನ ಜಾಲ, ನಡುವೆ ಲಾವಂಚ. ಏಪ್ರಿಲಿನಲ್ಲೇ ನೆಟ್ಟು ಟ್ಯಾಂಕರ್ ನೀರು ಕೊಟ್ಟೆವು, ದುಬಾರಿಯಾಯಿತು. ಆದರೆ ಬೇರು ಹಿಡಿಯದ ಹುಲ್ಲು ಮೊದಲ ಮಳೆಗೇ ತೊಳೆದು ಹೋಗುತ್ತದೆ. ಮೇ ಕೊನೆಯ ವಾರದ ಹೊತ್ತಿಗೆ ಬರುವ, ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನ್ನುವ ಪತ್ತನಾಜೆ ಕಳೆದ ಮೇಲೆ ಜೆಸಿಬಿ ಗುಡ್ಡ ಮುಟ್ಟಬಾರದೆಂದು ಹಠ ಹಿಡಿದೆ. ಗುತ್ತಿಗೆದಾರರು ಮುನಿಸಿಕೊಂಡರು.

ಚರಂಡಿ ತೋಡಿಗೆ ಸೇರುವಲ್ಲಿ ಕಲ್ಲು ಹಾಸಿ, ದಡಕ್ಕೆ ಕೇದಗೆ ನೆಟ್ಟೆವು. ಗಿಡ ಕೊಟ್ಟವರು ಅದೇ ಹಿರಿಯರು. ಅವರ ಕಡೆಯ ದಡವನ್ನು ಆ ರಾತ್ರಿ ಉಳಿಸಿದ್ದೂ ಕೇದಗೆಯ ಬೇರೇ.

ಧರೆ ಈಗ ನಿಂತಿದೆ. ಸೈಟುಗಳೆಲ್ಲ ಮಾರಾಟವಾದ ಮೇಲೆ ನೆತ್ತಿಯ ಚರಂಡಿಯ ತರಗೆಲೆ ತೆಗೆಯುವವರು ಯಾರೆಂಬ ಚಿಂತೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಕಳೆದ ಮೇ ತಿಂಗಳಲ್ಲಿ ಎರಡು ಆಳು ಕರೆದುಕೊಂಡು ಹೋಗಿ ನಾನೇ ತೆಗೆಸಿ ಬಂದೆ.