ಪೋಪ್ ಹೇಳಿದ್ರೆ ಕೆಟ್ಟದ್ದೂ ಒಳ್ಳೇದಾಗ್ಬಿಡುತ್ತಾ?

ನಾನು ಕ್ಯಾಥೊಲಿಕ್ ಅಂತ ಗೊತ್ತಾದ್ ತಕ್ಷಣ, ಆಫೀಸಾಗ್ಲಿ ಮದ್ವೆ ಊಟದ ಪಂಕ್ತಿಯಾಗ್ಲಿ ವಾಟ್ಸಾಪ್ ಗ್ರೂಪಾಗ್ಲಿ, ಸುತ್ತಿ ಬಳಸಿ ಬರೋ ಪ್ರಶ್ನೆ ಇದೇ. ನಿಮ್ಗೇನಪ್ಪ, ರೋಮಲ್ಲಿ ಒಬ್ರು ಕೂತಿದಾರೆ, ಅವ್ರು ಹೇಳಿದ್ದೇ ಸರಿ, ನಾಳೆ ಅವ್ರು ಕೊಲೆ ಮಾಡೋದು ಪುಣ್ಯ ಅಂದ್ರೆ ಅದೂ ಪುಣ್ಯನಾ? ಕೆಲವ್ರು ಕಾಲೆಳೆಯೋಕೆ ಕೇಳ್ತಾರೆ, ಕೆಲವ್ರು ನಿಜವಾಗ್ಲೂ ತಿಳ್ಕೊಳೋಕೆ. ಇಬ್ರಿಗೂ ಸೇರಿ ಒಂದೇ ಸಲ ಬರ್ದು ಹಾಕ್ತಿದೀನಿ.

ಇಲ್ಲ, ಪೋಪ್ ಹೇಳಿದ್ದಕ್ಕೆ ಯಾವ್ದೂ ಒಳ್ಳೇದಾಗಲ್ಲ. ಇದು ನಾನು ಬಂಡಾಯ ಎದ್ದು ಹೇಳ್ತಿರೋ ಮಾತಲ್ಲ, ಚರ್ಚಿನ ಪಾಠಾನೇ ಇದು. ಡಾಕ್ಟ್ರು ಜ್ವರ ಇದೆ ಅಂದಿದ್ದಕ್ಕೆ ಯಾರ್ಗೂ ಜ್ವರ ಬರಲ್ಲ, ಜ್ವರ ಇರೋದಕ್ಕೆ ಅವ್ರು ಹಾಗಂತಾರೆ, ಓದ್ಕೊಂಡಿರೋರು ಅಂತ ನಾವು ಅವ್ರ ಮಾತು ಕೇಳ್ತೀವಿ, ಅಷ್ಟೆ.

ಹಾಗಾದ್ರೆ ಪೋಪ್ ತಪ್ಪೇ ಮಾಡಲ್ಲ ಅಂತೀರಲ್ಲ ಅಂತ ಮುಂದಿನ ಬಾಣ ಬರುತ್ತೆ. 1870ರ ಜುಲೈ 18ಕ್ಕೆ, ಬಿಷಪ್ಪರೆಲ್ಲ ಸೇರಿದ್ದ ಮೊದಲನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಬಹಳ ಇಕ್ಕಟ್ಟಿನ ಮಾತು: ವಿಶ್ವಾಸ ಅಥವಾ ನೀತಿ ವಿಷಯದಲ್ಲಿ, ಇಡೀ ಧರ್ಮಸಭೆಗೆ ಅನ್ವಯಿಸೋ ಹಾಗೆ, ತನ್ನ ಪೀಠದ ಪೂರ್ತಿ ಅಧಿಕಾರ ಬಳಸಿ ಇದು ಕೊನೇ ತೀರ್ಮಾನ ಅಂತ ಘೋಷಿಸಿದಾಗ ಮಾತ್ರ ತಪ್ಪಾಗಲ್ಲ ಅಂತ. ಅದಾದ್ಮೇಲೆ ಎಲ್ರೂ ಒಪ್ಪೋ ಹಾಗೆ ಈ ಅಧಿಕಾರ ಬಳಸಿರೋದು ಒಂದೇ ಸಲ, 1950ರ ನವೆಂಬರ್ 1ರಂದು, ಪೋಪ್ 12ನೇ ಪಯಸ್, ಮರಿಯಮ್ಮನವರು ಆತ್ಮ ಶರೀರ ಸಮೇತ ಸ್ವರ್ಗಕ್ಕೆ ಹೋದ್ರು ಅನ್ನೋ ವಿಷಯದಲ್ಲಿ. ಯಾವ್ದು ಒಳ್ಳೇದು ಯಾವ್ದು ಕೆಟ್ಟದ್ದು ಅನ್ನೋದ್ರ ಬಗ್ಗೆ ಅಲ್ಲ. ಇನ್ನು ಪೋಪ್ ಪಾಪ ಮಾಡಲ್ವಾ ಅಂದ್ರೆ, ಮಾಡ್ತಾರೆ ಸ್ವಾಮಿ, ಅವ್ರೂ ಪಾಪನಿವೇದನೆಗೆ ಹೋಗ್ತಾರೆ, 2014ರಲ್ಲಿ ಆಗಿನ ಪೋಪ್ ಫ್ರಾನ್ಸಿಸ್ ಎಲ್ರ ಮುಂದೇನೇ ಹೋಗಿ ಒಬ್ಬ ಫಾದರ್ ಎದುರು ಮಂಡಿಯೂರಿದ್ರಲ್ಲ.

ಇದೇ ಪ್ರಶ್ನೇನ 1874ರಲ್ಲಿ ಇಂಗ್ಲೆಂಡಿನ ಮಾಜಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಕೂಡ ಎತ್ತಿದ್ರು, ಪೋಪ್‌ಗೆ ಬುದ್ಧಿ ಒಪ್ಪಿಸಿರೋ ಕ್ಯಾಥೊಲಿಕ್ಕರು ದೇಶಕ್ಕೆ ಹೇಗೆ ನಿಷ್ಠೆಯಿಂದ ಇರ್ತಾರೆ ಅಂತ (ಈ ಮಾತು ನಮ್ ಕಡೇನೂ ಆಗಾಗ ಕೇಳಿಸುತ್ತೆ ಬಿಡಿ). ಮುಂದಿನ ವರ್ಷ ಅಲ್ಲಿನ ಕ್ಯಾಥೊಲಿಕ್ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಉತ್ತರ ಕೊಟ್ರು, ಊಟ ಆದ್ಮೇಲೆ ಗೌರವಕ್ಕೆ ಅಂತ ಗ್ಲಾಸ್ ಎತ್ಲೇಬೇಕು ಅಂದ್ರೆ ಪೋಪ್ ಹೆಸ್ರಲ್ಲೂ ಎತ್ತೀನಿ, ಆದ್ರೆ ಮೊದ್ಲು ಅಂತಃಸಾಕ್ಷಿಗೆ, ಆಮೇಲೆ ಪೋಪ್‌ಗೆ. ಅವ್ರನ್ನ ಹೊರಗೆ ಹಾಕಿದ್ರಾ? 1879ರಲ್ಲಿ ಕಾರ್ಡಿನಲ್ ಮಾಡಿದ್ರು, 2019ರಲ್ಲಿ ಸಂತ ಪದವಿ ಕೊಟ್ರು.

ಪೋಪ್ ಬಿಡಿ, ದೇವ್ರ ಬಗ್ಗೇನೇ ಈ ಪ್ರಶ್ನೆ ಕೇಳ್ಬಹುದು, ಪ್ಲೇಟೋ ಕಾಲದಿಂದ ಕೇಳ್ತಾನೂ ಇದಾರೆ. ದೇವ್ರು ಮಾಡು ಅಂದಿದ್ದಕ್ಕೆ ಒಂದು ಕೆಲ್ಸ ಒಳ್ಳೇದಾ, ಅಥ್ವಾ ಒಳ್ಳೇದಾಗಿರೋದಕ್ಕೆ ದೇವ್ರು ಮಾಡು ಅಂದಿದ್ದಾ? 14ನೇ ಶತಮಾನದ ಒಕ್ಕಮ್ ಅನ್ನೋ ಫ್ರಾನ್ಸಿಸ್ಕನ್ ಸನ್ಯಾಸಿ, ಎಲ್ಲ ದೇವ್ರ ಆಜ್ಞೆ ಮೇಲೆ ನಿಂತಿದೆ, ಆತ ಹೇಳಿದ್ರೆ ಕಳ್ಳತನಾನೂ ಪುಣ್ಯ ಆಗ್ಬಹುದು ಅನ್ನೋವರೆಗೂ ಹೋದ್ರು. ತಮಾಷೆ ಏನಂದ್ರೆ ಇಷ್ಟು ಆಜ್ಞೆ ಆಜ್ಞೆ ಅಂದ ಮನುಷ್ಯಾನೇ 1328ರಲ್ಲಿ, ಆಗ ಪೋಪ್‌ಗಳು ಇರ್ತಿದ್ದ ಅವಿನ್ಯೋನ್‌ನಿಂದ ರಾತ್ರೋರಾತ್ರಿ ಪರಾರಿಯಾಗಿ, ಆಗಿನ ಪೋಪ್ 22ನೇ ಜಾನ್‌ರನ್ನೇ ಪಾಷಂಡಿ ಅಂತ ಕರೆದ್ರು! ಒಕ್ಕಮ್‌ಗಿಂತ ಮುಂಚಿನ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ದಾರಿ ಬೇರೆ. ಒಳ್ಳೇತನ ದೇವ್ರ ಸ್ವಭಾವಾನೇ, ಆತ ಇವತ್ತು ಒಂದು ನಾಳೆ ಇನ್ನೊಂದು ಅಂತ ಹೊರಡಿಸೋ ಸರ್ಕ್ಯುಲರ್ ಅಲ್ಲ, ಮನುಷ್ಯನ ಬುದ್ಧಿಗೆ ಅದ್ರಲ್ಲಿ ಸ್ವಲ್ಪ ಪಾಲು ಸಿಕ್ಕಿದೆ, ಅದಕ್ಕೇ ಬೈಬಲ್ ನೋಡೇ ಇಲ್ದಿರೋರಿಗೂ ಕೊಲೆ ತಪ್ಪು ಅಂತ ಗೊತ್ತು. ಅಕ್ವಿನಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತನನ್ನ ನಂಬೋದು ಕೆಟ್ಟದ್ದು ಅಂತ ಒಬ್ಬನ ಬುದ್ಧಿಗೆ ನಿಜವಾಗ್ಲೂ ಅನ್ಸಿದ್ರೆ, ಹಾಗನ್ಸಿದ್ರೂ ನಂಬೋದು ಅವ್ನಿಗೆ ತಪ್ಪೇ ಅಂತಾರೆ. 13ನೇ ಶತಮಾನದಲ್ಲಿ, ಒಬ್ಬ ಸನ್ಯಾಸಿ! ನಂಗೆ ಚರ್ಚ್ ಮೇಲೆ ಸಿಟ್ಟು ಬಂದಾಗೆಲ್ಲ ಈ ಜಾಗಕ್ಕೆ ವಾಪಸ್ ಹೋಗ್ತೀನಿ.

ಪುಸ್ತಕದ ಮಾತು ಸಾಕು ಅನ್ನೋರಿಗೆ ಫ್ರಾಂಜ್ ಯೇಗರ್‌ಸ್ಟೆಟರ್ ಕಥೆ ಹೇಳ್ತೀನಿ. ಆಸ್ಟ್ರಿಯಾದ ಸೇಂಟ್ ರಾಡೆಗುಂಡ್ ಅನ್ನೋ ಸಣ್ಣ ಹಳ್ಳಿಯ ರೈತ, 1907ರಲ್ಲಿ ಹುಟ್ಟಿದ್ದು, ಹುಡ್ಗನಾಗಿದ್ದಾಗ ಮೋಟಾರ್‌ಸೈಕಲ್ ಇಟ್ಕೊಂಡು ಮೆರೀತಿದ್ದ, ಮದ್ವೆಗೆ ಮುಂಚೆ ಒಂದು ಮಗೂನೂ ಆಗಿತ್ತು, ಅಂದ್ರೆ ಹುಟ್ಟುತ್ತಲೇ ಸಂತ ಏನಲ್ಲ. 1936ರಲ್ಲಿ ಫ್ರಾನ್ಸಿಸ್ಕಾನ ಮದ್ವೆಯಾದ, ಮೂರು ಹೆಣ್ಮಕ್ಳು, ಊರ ಚರ್ಚಲ್ಲಿ ಪೂಜೆಗೆ ಸಹಾಯ ಮಾಡೋ ಕೆಲ್ಸ. 1938ರಲ್ಲಿ ಆಸ್ಟ್ರಿಯಾನ ಜರ್ಮನಿಗೆ ಸೇರಿಸೋಕೆ ಓಟು ಹಾಕ್ಸಿದಾಗ ಆ ಊರಲ್ಲಿ ಬೇಡ ಅಂದಿದ್ದು ಇವ್ನೊಬ್ನೇ. ಹಿಟ್ಲರನ ಯುದ್ಧ ಅನ್ಯಾಯದ್ದು, ಅದ್ರಲ್ಲಿ ಬಂದೂಕು ಹಿಡಿಯೋದು ಪಾಪ ಅಂತ ಅವ್ನಿಗೆ ಖಚಿತ ಆಯ್ತು, ಸರಿ, ಕ್ಯಾಥೊಲಿಕ್ ಅಲ್ವಾ, ಊರ ಫಾದರ್ ಹತ್ರ ಹೋಗಿ ಕೇಳ್ದ, ಆಮೇಲೆ ಲಿನ್ಜ್ ಊರಿಗೆ ಹೋಗಿ ಬಿಷಪ್ ಫ್ಲೀಸರ್ ಹತ್ರಾನೂ ಕೇಳ್ದ. ಬಿಷಪ್ ಹೇಳಿದ್ದು, ಯುದ್ಧ ನ್ಯಾಯಾನಾ ಅನ್ಯಾಯಾನಾ ಅಂತ ತೀರ್ಮಾನ ಮಾಡೋದು ನಿನ್ ಜವಾಬ್ದಾರಿ ಅಲ್ಲ, ನಿಂಗೆ ಹೆಂಡ್ತಿ ಮಕ್ಳಿದಾರೆ, ಅವ್ರನ್ನ ನೋಡು. ಇವ್ನು ಕೈಮುಗಿದು ಬಂದ, ಆದ್ರೆ ಒಪ್ಲಿಲ್ಲ. ಸೈನ್ಯದ ಕರೆ ಬಂದಾಗ 1943ರ ಮಾರ್ಚಲ್ಲಿ ಹೋಗಿ ನಾನು ಹೋರಾಡಲ್ಲ ಅಂದ, ಆಗಸ್ಟ್ 9ಕ್ಕೆ ಬ್ರಾಂಡೆನ್‌ಬರ್ಗ್ ಜೈಲಲ್ಲಿ ತಲೆ ಕಡಿದ್ರು. ಸಾಯೋದಕ್ಕೆ ಮುಂಚೆ ಜೈಲಲ್ಲಿ ಒಬ್ಬ ಫಾದರ್, ನಿನ್ ಹಾಗೇನೇ ಬೇಡ ಅಂದ ಒಬ್ಬ ಪಾದ್ರಿಗೂ ಹೋದ ವರ್ಷ ಮರಣದಂಡನೆ ಆಯ್ತು ಅಂತ ಹೇಳಿದಾಗ ಅವ್ನಿಗಾದ ಸಮಾಧಾನ ಇದ್ಯಲ್ಲ, ಅದನ್ನ ಓದಿದ್ರೆ ಹೊಟ್ಟೇಲಿ ಸಂಕಟ ಆಗುತ್ತೆ. ಯುದ್ಧ ಮುಗಿದ ಮೇಲೂ ಅದೇ ಬಿಷಪ್ ಇವ್ನ ಕಥೆ ಚರ್ಚ್ ಪೇಪರಲ್ಲಿ ಬರೋಕೆ ಬಿಡ್ಲಿಲ್ಲ. ಕೊನೆಗೆ 2007ರ ಅಕ್ಟೋಬರ್ 26ರಂದು ಅದೇ ಲಿನ್ಜ್ ಕೆಥೆಡ್ರಲಲ್ಲಿ ಧನ್ಯ (ಸಂತ ಪದವಿಗೆ ಮುಂಚಿನ ಮೆಟ್ಟಿಲು) ಅಂತ ಘೋಷಣೆ ಆಯ್ತು, 94 ವಯಸ್ಸಿನ ಫ್ರಾನ್ಸಿಸ್ಕಾ ಮುಂದೆ ಕೂತಿದ್ರು.

ಈಗ ಹೇಳಿ, ಚರ್ಚಿನ ಮಾತು ಕೇಳಿದ್ದು ಯಾರು? ಬಿಷಪ್ಪಾ ರೈತಾನಾ? ನನ್ ಪ್ರಕಾರ ರೈತಾನೇ, ಯಾಕಂದ್ರೆ ಬಿಷಪ್ಪಿಗೆ ಇಲ್ಲ ಅನ್ನೋ ಧೈರ್ಯ ಅವ್ನಿಗೆ ಬಂದಿದ್ದು ಎಲ್ಲಿಂದ ಅಂದ್ರೆ ಬೈಬಲಿಂದ, ಸಂತರ ಕಥೆಗಳಿಂದ, ದಿನಾ ಹೋಗ್ತಿದ್ದ ಪೂಜೆಯಿಂದ. ಅದೆಲ್ಲ ಕೊಟ್ಟಿದ್ದು ಚರ್ಚೇ. ಅದಕ್ಕೇ ಚರ್ಚ್ ಬೇಡ, ನನ್ ಮನಸ್ಸಾಕ್ಷಿ ಒಂದೇ ಸಾಕು ಅನ್ನೋರ ಜೊತೆ ನಾನು ಸೇರಲ್ಲ. ತಿಳ್ಕೊಳೋಕಾಗೋದನ್ನ ಸೋಮಾರಿತನಕ್ಕೆ ತಿಳ್ಕೊಳ್ದೆ ತಪ್ಪು ಮಾಡಿದ್ರೆ ಮನಸ್ಸಾಕ್ಷಿ ನೆಪ ನಡೆಯಲ್ಲ ಅಂತಾನೂ ಅಕ್ವಿನಾಸೇ ಹೇಳಿರೋದು, ಆ ಭಾಗ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಚರ್ಚಿನ ಅಧಿಕಾರ ಕೆಟ್ಟಿದ್ದೂ ಇದೆ, ದೂರ ಹೋಗೋದೇ ಬೇಡ. ಗೋವಾದಲ್ಲಿ 1560ರಿಂದ, ಮಧ್ಯೆ ಸ್ವಲ್ಪ ಕಾಲ ನಿಂತು, 1812ರವರೆಗೆ ಇನ್‌ಕ್ವಿಸಿಷನ್ ಕೋರ್ಟ್, ಅಂದ್ರೆ ನಂಬಿಕೆ ತಪ್ಪಿದೋರನ್ನ ವಿಚಾರಿಸಿ ಶಿಕ್ಷಿಸೋ ಚರ್ಚ್ ಕೋರ್ಟ್ ನಡೀತು, 1736ರ ಒಂದು ಆದೇಶದಲ್ಲಿ ಮನೆ ಮುಂದೆ ತುಳಸಿ ಬೆಳೆಸೋದು, ಹಿಂದೂಗಳ ಹಾಗೆ ಉಪ್ಪಿಲ್ದೆ ಅನ್ನ ಮಾಡೋದು ಕೂಡ ನಿಷೇಧ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರ ಹಿರಿಯರು ಗೋವಾ ಬಿಟ್ಟು ಬರೋಕೆ ಬರಗಾಲ, ಮರಾಠರ ದಾಳಿ ಜೊತೆ ಇದೂ ಒಂದು ಕಾರಣ. ಚರ್ಚಿನ ಕೋರ್ಟಿಗೆ ಹೆದರಿ ಓಡಿ ಬಂದೋರು ಇಲ್ಲಿ ಬಂದು ಕಟ್ಟಿದ್ದು ಚರ್ಚುಗಳನ್ನೇ, ಅದನ್ನ ಯೋಚ್ನೆ ಮಾಡಿ. ಸತ್ಯದ ಹೆಸ್ರಲ್ಲಿ ಬಲಾತ್ಕಾರ ಮಾಡಿದ್ದಕ್ಕೆ ಪೋಪ್ ಎರಡನೇ ಜಾನ್ ಪಾಲ್ 2000ದ ಮಾರ್ಚಲ್ಲಿ ದೇವ್ರ ಕ್ಷಮೆ ಕೇಳಿದ್ರು. ನೀತಿ ಪಾಠದಲ್ಲೂ ಬದಲಾವಣೆ ಆಗಿದೆ, ಮರಣದಂಡನೆ ಒಪ್ಪಲ್ಲ ಅಂತ ಧರ್ಮೋಪದೇಶದ ಪುಸ್ತಕ ತಿದ್ದಿದ್ದು 2018ರಲ್ಲಿ. ತಡ ಆಯ್ತು ಅಂತ ನೀವು ಬೈದ್ರೆ ನಾನೂ ಜೊತೆಗಿದೀನಿ.

ಇಷ್ಟೆಲ್ಲ ಕೇಳಿದ್ಮೇಲೆ ಗ್ಯಾರಂಟಿ ಬರೋ ಇನ್ನೊಂದು ಪ್ರಶ್ನೆ ಗರ್ಭನಿರೋಧಕದ್ದು. 1968ರಲ್ಲಿ ಪೋಪ್ 6ನೇ ಪೌಲ್, ತಮ್ಮದೇ ಆಯೋಗದ ಬಹುಮತ ಬೇರೆ ಹೇಳಿದ್ರೂ, ಒಂದು ಪತ್ರ ಹೊರಡಿಸಿ ಬೇಡ ಅಂದ್ರು. ಅದನ್ನ ಸಮರ್ಥಿಸೋರೂ ಬೈಯೋರೂ ಆ ಪತ್ರ ಓದಿರೋದು ಕಮ್ಮಿ, ಉದ್ದ ಏನಿಲ್ಲ, ಒಂದು ಸಂಜೇಲಿ ಮುಗಿಯುತ್ತೆ, ಓದಿ ಆಮೇಲೆ ಜಗಳಕ್ಕೆ ಬನ್ನಿ, ನಾನು ರೆಡಿ. ನೀನೇನ್ ಮಾಡ್ತೀಯ ಅಂತ ಮಾತ್ರ ಕೇಳ್ಬೇಡಿ, ಅದನ್ನ ಕೇಳೋಕೆ ನಮ್ ಫಾದರ್ ಇದಾರೆ.