ಅಪ್ಪಿ ದಿನಾ ತಲೆಸ್ನಾನ ಮಾಡುತ್ತಿದ್ದ

"ತಲೆಗೆ ಅಷ್ಟೊಂದು ಎಣ್ಣೆ ಯಾಕೋ ಹಚ್ಕೊಂಡಿದ್ದೀಯ?"

ವರಮಹಾಲಕ್ಷ್ಮಿ ಹಬ್ಬದ ಸಂಜೆ. ಅರಿಸಿನ ಕುಂಕುಮಕ್ಕೆ ಬಂದಿದ್ದ ಹಿಂದಿನ ಬೀದಿಯ ಹೆಂಗಸೊಬ್ಬರು ಕೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಪ್ಪಿ ಕೋಸಂಬರಿ ದೊನ್ನೆಗಳ ತಟ್ಟೆ ಹಿಡಿದು ನಿಂತಿದ್ದ. "ಹಚ್ಚಿಲ್ಲ ಆಂಟಿ" ಅಂದ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವಳು, "ಹಚ್ಚೋದೂ ಇಲ್ಲ, ತೊಳ್ಕೊಳ್ಳೋದೂ ಇಲ್ಲ. ನಂಗೂ ಹೇಳಿ ಹೇಳಿ ಸಾಕಾಗಿದೆ" ಅಂದುಬಿಟ್ಟೆ. ಕೂತಿದ್ದವರೆಲ್ಲ ನಕ್ಕರು. ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟು ಟೆರೇಸಿಗೆ ಹೋದ. ಊಟಕ್ಕೂ ಇಳಿದು ಬರಲಿಲ್ಲ.

ಅಪ್ಪಿ ನನ್ನ ತಂಗಿಯ ಮಗ. ಊರು ತೀರ್ಥಹಳ್ಳಿ ಹತ್ತಿರ, ಗುಡ್ಡದ ಬುಡದಲ್ಲಿ ಒಂಟಿ ಮನೆ. ಒಂಬತ್ತನೇ ಕ್ಲಾಸಿಗೆ ಅಂತ ಜೂನ್‌ನಲ್ಲಿ ಬೆಂಗಳೂರಿಗೆ, ನಮ್ಮ ಮನೆಗೆ ಬಂದಿದ್ದ. ವಯಸ್ಸು 14. ಮಾತು ಕಡಿಮೆ. ತಟ್ಟೆಯಲ್ಲಿ ಒಂದು ಅಗುಳು ಬಿಡುವವನಲ್ಲ, ಉಂಡ ತಟ್ಟೆ ಅವನೇ ತೊಳೆದಿಡುತ್ತಾನೆ. ಇಂಥ ಹುಡುಗ ತಲೆಯೊಂದನ್ನು ಯಾಕೆ ಹೀಗೆ ಇಟ್ಟುಕೊಂಡಿದ್ದಾನೆ ಅಂತ ನನಗೆ ತಲೆಬಿಸಿ. ಕೂದಲು ಎಳೆ ಎಳೆಯಾಗಿ ಹಣೆಗೆ ಅಂಟಿಕೊಂಡಿರುತ್ತಿತ್ತು. ಬಾಚಿದರೆ ಬಾಚಣಿಗೆ ಹಲ್ಲಿನ ಗೆರೆ ಸಂಜೆವರೆಗೂ ಹಾಗೇ ನಿಂತಿರುತ್ತಿತ್ತು. ದಿನಾ ಬೆಳಿಗ್ಗೆ "ತಲೆಗೆ ನೀರು ಹಾಕ್ಕೊಂಡ್ಯಾ?" ಅಂತ ಕೇಳುತ್ತಿದ್ದೆ. "ಹ್ಞೂಂ" ಅನ್ನುತ್ತಿದ್ದ. ನಾನು ನಂಬುತ್ತಿರಲಿಲ್ಲ.

ಅವತ್ತು ರಾತ್ರಿ ತಟ್ಟೆಗೆ ಅನ್ನ ಹಾಕಿಕೊಂಡು ಮೇಲೆ ಹೋದೆ. ಟ್ಯಾಂಕಿನ ಪಕ್ಕ ಕೂತಿದ್ದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ: "ನಾನು ದಿನಾ ತಲೆಗೆ ಸ್ನಾನ ಮಾಡ್ತೀನಿ ದೊಡ್ಡಮ್ಮ. ಕ್ಲಾಸಲ್ಲೂ ಎಲ್ಲ ಎಣ್ಣೆ ಡಬ್ಬ ಅಂತಾರೆ. ಎರಡು ಸಲ ಸೋಪ್ ಹಾಕಿದ್ರೂ ಹೀಗೇ ಆಗತ್ತೆ."

ಸೋಪ್ ಅಂದದ್ದು ನನ್ನ ಕಿವಿಗೆ ಬಿತ್ತು.

"ಯಾವ ಸೋಪು?"

"ಮೈಗೆ ಹಾಕೋದೇ."

ಬಚ್ಚಲಲ್ಲಿ ಶಾಂಪೂ ಬಾಟಲಿ ಇತ್ತು. ಅದು ಹೆಣ್ಣುಮಕ್ಕಳದ್ದು, ದೊಡ್ಡಮ್ಮನದ್ದು ಅಂತ ಅವನು ಮುಟ್ಟಿರಲಿಲ್ಲ. ಊರಲ್ಲಿ ಅವನ ಅಪ್ಪನೂ ಅಷ್ಟೇ, ಅವನೂ ಅಷ್ಟೇ, ತಲೆಗೂ ಮೈಗೂ ಒಂದೇ ಸೋಪು. ಶಾಂಪೂ ಪ್ಯಾಕೆಟ್ ತರುವುದು ಅವನ ತಂಗಿಗೆ, ಅವನ ಅಮ್ಮನಿಗೆ. ಎರಡು ತಿಂಗಳಿಂದ ಒಂದೇ ಬಚ್ಚಲು ಬಳಸುತ್ತಿದ್ದೇವೆ. "ಆ ಬಾಟಲಿ ನಿಂಗೂ ಸೇರಿ ಇಟ್ಟಿದ್ದು ಕಣೋ" ಅಂತ ನಾನು ಒಂದು ಮಾತು ಹೇಳಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಊರಲ್ಲಿ ಅದೇ ಸೋಪು ಹಾಕುತ್ತಿದ್ದ, ಅಲ್ಲಿ ಹೀಗಿರಲಿಲ್ಲವಲ್ಲ. ಬೇಸಿಗೆ ರಜೆಯಲ್ಲಿ ನಾನೇ ನೋಡಿದ್ದೆ, ಕೂದಲು ಗರಿಗರಿಯಾಗಿ ಹಾರಾಡುತ್ತಿತ್ತು.

ಭಾನುವಾರ ಬೆಳಿಗ್ಗೆ "ಚಡ್ಡಿ ಹಾಕ್ಕೊಂಡು ಮಣೆ ತಗೊಂಡು ಬಾ" ಅಂದೆ. ಮನೆ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿದೆ. ನಾಚಿಕೊಂಡ, ಆದರೂ ಕೂತ. ನಮ್ಮಮ್ಮ ನಮ್ಮನ್ನೆಲ್ಲ ಹೀಗೇ ಹಂಡೆ ಒಲೆ ಮುಂದೆ ಸಾಲಾಗಿ ಕೂರಿಸಿ ತಲೆ ತಿಕ್ಕುತ್ತಿದ್ದಳು. ಒಣ ಕೂದಲಿನ ಒಳಗೆ ಬೆರಳು ಹಾಕಿದೆ. ಎಣ್ಣೆ ಜಿಡ್ಡು ಜಾರುತ್ತದೆ. ಇದು ಜಾರಲಿಲ್ಲ, ಮೇಣ ಸವರಿದ ಹಾಗೆ ಬೆರಳನ್ನು ಹಿಡಿದುಕೊಂಡಿತು. ಅವನ ಬಾಚಣಿಗೆ ತರಿಸಿದೆ. ಹಲ್ಲುಗಳ ಬುಡದಲ್ಲಿ ಬೂದು ಬಣ್ಣದ ಗಷ್ಟು. ಉಗುರಲ್ಲಿ ಕೆರೆದರೆ ಮುದ್ದೆಯಾಗಿ ಬಂತು. ಮೂಸಿದೆ. ಸೋಪಿನ ವಾಸನೆ.

ಮಗಳು ಇಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋದ ಮೇಲೂ ಅವಳ ಎಸ್ಸೆಸ್ಸೆಲ್ಸಿ ಪುಸ್ತಕಗಳನ್ನು ಹಾಗೇ ಇಟ್ಟಿದ್ದೆ, ಮುಂದೆ ಅಪ್ಪಿಗೆ ಆಗುತ್ತದೆ ಅಂತ. ವಿಜ್ಞಾನದ ಪುಸ್ತಕ ಹುಡುಕಿ ತೆಗೆದೆವು. ಕಾರ್ಬನ್ ಪಾಠದ ಕೊನೆಯಲ್ಲಿ ಸಾಬೂನಿನ ವಿಷಯ ಇದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರುತ್ತದೆ. ಸೋಪು ಅದರ ಜೊತೆ ಸೇರಿ ನೀರಿನಲ್ಲಿ ಕರಗದ ಗಷ್ಟಾಗುತ್ತದೆ. ಮಗಳಿಗೆ ಇದನ್ನು ಬಾಯಿಪಾಠ ಮಾಡಿಸಿದ್ದವಳು ನಾನೇ.

ಉಪ್ಪಿನಕಾಯಿಯ ಎರಡು ಖಾಲಿ ಗಾಜಿನ ಬಾಟಲಿ ತೊಳೆದು ತಂದೆ. ಒಂದಕ್ಕೆ ನಲ್ಲಿಯ ಬೋರ್ ನೀರು, ಇನ್ನೊಂದಕ್ಕೆ ಅಡುಗೆಮನೆಯ ಆರ್‌ಒ ಫಿಲ್ಟರ್ ನೀರು, ಅದರಲ್ಲಿ ಆ ಲವಣ ಹೆಚ್ಚುಕಡಿಮೆ ಇರುವುದಿಲ್ಲ. ಅವನ ಸೋಪನ್ನೇ ಚಾಕುವಿನಲ್ಲಿ ಹೆರೆದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿದೆವು. ಮುಚ್ಚಳ ಬಿಗಿ ಮಾಡಿ ಅವನು ಕುಲುಕಿದ. ಫಿಲ್ಟರ್ ನೀರಿನ ಬಾಟಲಿಯಲ್ಲಿ ನೊರೆ ಕತ್ತಿನವರೆಗೂ ಎದ್ದು ನಿಂತಿತು. ಬೋರ್ ನೀರಿನದ್ದರಲ್ಲಿ ಎದ್ದ ಸ್ವಲ್ಪ ನೊರೆ ನೋಡುತ್ತಿದ್ದಂತೆ ಇಳಿದುಹೋಯಿತು. ಕೆಳಗೆ ನೀರು ಹಾಲು ಒಡೆದಂತೆ ಆಗಿ ಬಿಳಿ ಬಿಳಿ ಚೂರು ತೇಲತೊಡಗಿದವು. ಚೆಲ್ಲಿದ ಮೇಲೂ ಗಾಜಿನ ಒಳಗೆ ಅದರ ಪದರ ಅಂಟಿಕೊಂಡಿತ್ತು. ಅಪ್ಪಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಾನೇ ಒಳಗೆ ಹೋಗಿ ಶಾಂಪೂ ತಂದು, ಅದೇ ಬಾಟಲಿ ತೊಳೆದು, ಅದೇ ಬೋರ್ ನೀರಿಗೆ ಎರಡು ಹನಿ ಹಾಕಿ ಕುಲುಕಿದ. ನೊರೆ ಬಂತು. ಚೂರು ಇಲ್ಲ.

"ಮೊನ್ನೆ ಬಂದಿದ್ರಲ್ಲ ಆ ಆಂಟಿ, ಅವ್ರಿಗೆ ಇದನ್ನ ತೋರಿಸ್ಲಾ ದೊಡ್ಡಮ್ಮ?" ಅಂತ ಕೇಳಿದ.

ಅಲ್ಲಿಗೆ ಎಲ್ಲ ಹೊಂದಿಕೊಂಡಿತು. ಊರಲ್ಲಿ ಅವರ ಮನೆಗೆ ಬರುವುದು ಅಬ್ಬಿ ನೀರು, ಗುಡ್ಡದ ಮೇಲಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಮೆದು ನೀರು. ಅದರಲ್ಲಿ ಯಾವ ಸೋಪಾದರೂ ಸರಿ. ಇಲ್ಲಿ ನಮ್ಮ ಬೀದಿಗೆ ಕಾವೇರಿ ಇನ್ನೂ ಬಂದಿಲ್ಲ. ಬೋರು, ಬೋರು ಕೈಕೊಟ್ಟರೆ ಟ್ಯಾಂಕರು. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಮೂತಿಯಲ್ಲಿ ಬಿಳಿ ಕಲ್ಲು ಕಟ್ಟುತ್ತದೆ. ಆ ಹುಡುಗ ತಲೆ ಸ್ವಚ್ಛ ಆಗಲಿಲ್ಲ ಅಂತ ಇನ್ನೊಂದು ಸಲ ಸೋಪು ಹಾಕುತ್ತಿದ್ದ. ಹಾಕಿದಷ್ಟೂ ಗಷ್ಟು ಜಾಸ್ತಿ. ನಾನು ಬೈದಷ್ಟೂ ಅವನು ಇನ್ನಷ್ಟು ಸೋಪು ತಿಕ್ಕಿದ್ದಾನೆ.

ಅವತ್ತು ಅವನ ತಲೆಯನ್ನು ನಾನೇ ತೊಳೆದೆ. ಮೊದಲು ಬುಡದವರೆಗೆ ಚೆನ್ನಾಗಿ ನೆನೆಸಿದೆ. ಅದಕ್ಕೇ ನಾಲ್ಕೈದು ಚೊಂಬು ಬೇಕಾಯಿತು. ಶಾಂಪೂವನ್ನು ನೇರ ತಲೆಗೆ ಸುರಿಯದೆ, ಚೊಂಬಿನಲ್ಲಿ ಸ್ವಲ್ಪ ನೀರಿಗೆ ಕಲಸಿ ಹಾಕಿದೆ. ಉಗುರಲ್ಲಿ ಕೆರೆಯಬಾರದು, ಬೆರಳ ತುದಿಯಲ್ಲಿ ನೆತ್ತಿಯ ಚರ್ಮವನ್ನು ಉಜ್ಜಬೇಕು ಅಂತ ಅವನ ಕೈ ಹಿಡಿದೇ ತೋರಿಸಿದೆ. ಗಂಡುಮಕ್ಕಳು ಮುಂದಿನ ಕೂದಲು ಉಜ್ಜಿ ಎದ್ದುಬಿಡುತ್ತಾರೆ. ಕಿವಿ ಹಿಂದೆ, ಕತ್ತಿನ ಮೇಲೆ, ನಡುನೆತ್ತಿ, ಇಲ್ಲೇ ಜಿಡ್ಡು ಕೂರುವುದು. ಮೊದಲನೇ ಸಲ ನೊರೆಯೇ ಬರಲಿಲ್ಲ. ಎರಡನೇ ಸಲ ಬಂತು. ಎರಡು ತಿಂಗಳ ಗಷ್ಟು ಬಿಡಲಿ ಅಂತ ಒಂದು ಚೊಂಬು ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಕಣ್ಣು ಮುಚ್ಚಿಸಿ ಹಾಕಿದೆ, ತಕ್ಷಣ ತೊಳೆದೆ. ಹುಳಿ ಆ ಗಷ್ಟನ್ನು ಬಿಡಿಸುತ್ತದೆ. ಕೊನೆಯ ಎರಡು ಚೊಂಬು ಫಿಲ್ಟರ್ ನೀರು.

ಬಿಸಿಲಲ್ಲಿ ಕೂತು ಒಣಗಿಸಿಕೊಂಡ. ಅರ್ಧ ಗಂಟೆಗೆ ಕೂದಲು ಬಿಡಿ ಬಿಡಿಯಾಗಿ ಕಣ್ಣ ಮೇಲೆ ಬಂತು. ಫೂ ಅಂತ ಊದಿದ. ಹಾರಿತು. ಮತ್ತೆ ಊದಿದ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಸೀಗೆಪುಡಿ ಕಳಿಸ್ಲೇನೆ? ಮತ್ತಿ ಸೊಪ್ಪಿನ ಗೊಂಪು ಮಾಡಿ ಹಾಕು" ಅಂದಳು. ಗೊಂಪು ಅಂದರೆ ಸೊಪ್ಪನ್ನು ನೀರಲ್ಲಿ ಕಿವುಚಿ ತೆಗೆಯುವ ಲೋಳೆ. ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಸೀಗೆ, ಅಂಟುವಾಳ ಇವುಗಳ ನೊರೆ ಸೋಪಿನ ಜಾತಿಯದ್ದಲ್ಲ, ಗಡಸು ನೀರಲ್ಲೂ ಹೀಗೆ ಗಷ್ಟು ಕಟ್ಟುವುದಿಲ್ಲ. ಆದರೆ ಬೆಳಿಗ್ಗೆ ಏಳೂವರೆಗೆ ಸ್ಕೂಲ್ ಬಸ್ ಹಿಡಿಯುವ ಹುಡುಗನಿಗೆ ಗೊಂಪು ಕಿವುಚುತ್ತಾ ಕೂರಲು ಆಗುತ್ತದಾ? ಶಾಂಪೂನೇ ಸರಿ ಅಂತ ಇಬ್ಬರೂ ಒಪ್ಪಿಕೊಂಡೆವು.

ಎಲ್ಲದಕ್ಕೂ ನೀರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಎರಡು ದಿನ ಬಿಟ್ಟರೆ ಮತ್ತೆ ಸ್ವಲ್ಪ ಜಿಡ್ಡು ಕಾಣುತ್ತಿತ್ತು. ಜೊತೆಗೆ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆ ಸಣ್ಣ ಸಣ್ಣ ಮೊಡವೆ. ಭುಜದ ಮೇಲೆ ತಲೆಹೊಟ್ಟು. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನ ಜೊತೆ ಮಾತಾಡದೆ ನೇರ ಅಪ್ಪಿಯ ಜೊತೆ ಮಾತಾಡಿದ್ದು ನನಗೆ ತುಂಬಾ ಹಿಡಿಸಿತು. ಪ್ರತಿ ಕೂದಲಿನ ಬುಡದಲ್ಲೂ ಎಣ್ಣೆ ಗ್ರಂಥಿ ಇರುತ್ತದೆ, ಈ ವಯಸ್ಸಿನಲ್ಲಿ ಹಾರ್ಮೋನು ಜಾಸ್ತಿಯಾಗಿ ಅದು ದೊಡ್ಡದಾಗುತ್ತದೆ, ಮೀಸೆ ಬರುವ ಹಾಗೇ ಇದೂ ಬರುತ್ತದೆ ಅಂದರು. ಅವನದು ನೆಟ್ಟಗಿನ ನುಣುಪು ಕೂದಲು. ಅಂಥದ್ದರಲ್ಲಿ ಎಣ್ಣೆ ಬೇಗ ಬುಡದಿಂದ ತುದಿಗೆ ಇಳಿಯುತ್ತದೆ. ಗುಂಗುರು ಕೂದಲಿನವರಿಗೆ ಅಷ್ಟು ಕಾಣುವುದಿಲ್ಲ.

ನನಗೊಂದು ಅನುಮಾನ ಇತ್ತು. ಪದೇ ಪದೇ ತೊಳೆದರೆ ತಲೆ ಇನ್ನೂ ಜಾಸ್ತಿ ಎಣ್ಣೆ ಬಿಡುತ್ತದಂತೆ, ಹೌದಾ? ಇಲ್ಲ ಅಂದರು. ಗ್ರಂಥಿ ಕೇಳುವುದು ಹಾರ್ಮೋನಿನ ಮಾತು, ಶಾಂಪೂವಿನ ಮಾತಲ್ಲ. ಜಿಡ್ಡಾದರೆ ದಿನ ಬಿಟ್ಟು ದಿನ ತೊಳೆಯಲಿ, ಆಟ ಆಡಿ ಬೆವರಿದರೆ ದಿನಾ ತೊಳೆದರೂ ತೊಂದರೆಯಿಲ್ಲ. ಹೊಟ್ಟಿಗೆ ಕೀಟೋಕೊನಜೋಲ್ ಇರುವ ಶಾಂಪೂ ಬರೆದುಕೊಟ್ಟರು. ವಾರಕ್ಕೆ ಎರಡು ಸಲ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದರೆ ಔಷಧಿ ಕೆಲಸ ಮಾಡುವುದಿಲ್ಲ ಅಂತ ಎರಡು ಸಲ ಹೇಳಿದರು.

ಎಣ್ಣೆಯ ವಿಷಯ ಬಂದಾಗ ನನಗೆ ಸ್ವಲ್ಪ ಕಷ್ಟವಾಯಿತು. ಹೊಟ್ಟು ಕಂಡರೆ "ತಲೆ ಒಣಗಿದೆ, ಎಣ್ಣೆ ಹಾಕು" ಅನ್ನುವುದು ನಮ್ಮ ಮನೆಯ ಮಾತು. ಜುಲೈನಲ್ಲಿ ನಾನೇ ಒಂದೆರಡು ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿದ್ದೆ. ಹೊಟ್ಟಿನ ಹಿಂದೆ ಒಂದು ಬಗೆಯ ಶಿಲೀಂಧ್ರ ಇರುತ್ತದೆ, ಅದು ಬದುಕುವುದೇ ತಲೆಯ ಎಣ್ಣೆಯ ಮೇಲೆ, ನೀವು ಅದಕ್ಕೆ ಊಟ ಹಾಕಿದ ಹಾಗೆ ಅಂದರು. ಹಣೆಯ ಮೊಡವೆಗೂ ಮೇಲಿಂದ ಇಳಿದ ಎಣ್ಣೆ ಸೇರಿಕೊಳ್ಳುತ್ತದೆ. ಎಣ್ಣೆಸ್ನಾನ ನನಗೆ ಬರೀ ಎಣ್ಣೆಯ ವಿಷಯ ಅಲ್ಲ, ಅಮ್ಮನ ಕೈ ನೆನಪಾಗುತ್ತದೆ. ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಹೊಟ್ಟು ಹೋದ ಮೇಲೆ, ಹಬ್ಬಕ್ಕೆ ಮಾತ್ರ, ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿ ಪೂರ್ತಿ ತೊಳೆಯುವುದು ಅಂತ ಮಾಡಿಕೊಂಡೆವು.

ದಿಂಬಿನ ಕವರ್ ವಾರಕ್ಕೊಂದು ಸಲ ಬದಲಾಯಿಸುತ್ತೇನೆ. ಬಾಚಣಿಗೆಯನ್ನು ಬಿಸಿನೀರಿಗೆ ಎರಡು ಹನಿ ಶಾಂಪೂ ಹಾಕಿ ನೆನೆಸಿ, ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜುವುದು ಅವನ ಭಾನುವಾರದ ಕೆಲಸ. ಬಚ್ಚಲಲ್ಲಿ ಅವನದೇ ಒಂದು ಬಾಟಲಿ ಇಟ್ಟೆ, ಮೇಲೆ ಅವನ ಹೆಸರು ಬರೆದು. ಹೆಸರು ಬರೆದದ್ದಕ್ಕೆ ಅವನಿಗೆ ತುಂಬಾ ಖುಷಿಯಾಯಿತು ಅಂತ ನಮ್ಮನೆಯವರು ಆಮೇಲೆ ಹೇಳಿದರು.

ಗೌರಿ ಹಬ್ಬಕ್ಕೆ ಹಿಂದಿನ ಬೀದಿಯವರು ಮತ್ತೆ ಬಂದರು. ಅಪ್ಪಿಯೂ ಅಲ್ಲೇ ಇದ್ದ. ಅವತ್ತು ಎಲ್ಲರ ಮುಂದೆ ಅವನನ್ನು ಅಂದವಳು ನಾನು, ಅದನ್ನು ವಾಪಸ್ ತೆಗೆದುಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕು ಅನ್ನಿಸಿತು. "ಅವನು ದಿನಾ ತಲೆಗೆ ಸ್ನಾನ ಮಾಡ್ತಿದ್ದ ಕಣ್ರೀ. ಗೊತ್ತಿಲ್ದೆ ಇದ್ದಿದ್ದು ನಂಗೇನೇ" ಅಂದೆ. ಬೋರ್ ನೀರಿನ ಕತೆ ಹೇಳಿದೆ. ಅವರು "ಅಯ್ಯೋ, ನಮ್ಮ ಹುಡುಗನೂ ಮೈ ಸೋಪೇ ಹಾಕ್ಕೊಳ್ಳೋದು" ಅಂತ ಎದ್ದು ಕೂತರು. ಅಪ್ಪಿ ಒಳಗೆ ಹೋಗಿ ಎರಡು ಗಾಜಿನ ಬಾಟಲಿ ತಂದ.

ದಸರಾ ರಜೆಗೆ ಊರಿಗೆ ಹೋದವನು ಮೂರನೇ ದಿನ ಫೋನ್ ಮಾಡಿದ. ಕಿವಿಗೆ ಹಿಡಿದರೆ ಮೊದಲು ಕೇಳಿದ್ದು ನೀರು ಬೀಳುವ ಸದ್ದು.

"ದೊಡ್ಡಮ್ಮ, ಇಲ್ಲಿ ನೊರೆ ಹೋಗೋದೇ ಇಲ್ಲ. ಎಷ್ಟು ನೀರು ಹಾಕಿದ್ರೂ ಜಾರತ್ತೆ."

"ಅಬ್ಬಿ ನೀರಲ್ವೇನೋ, ಶಾಂಪೂ ಕಮ್ಮಿ ಹಾಕು."

"ಅದೇ, ಅರ್ಧ ಪ್ಯಾಕೆಟ್ ಸಾಕಾಯ್ತು. ಉಳಿದಿದ್ದನ್ನ ಮಡಚಿ ಕ್ಲಿಪ್ ಹಾಕಿ ಇಟ್ಟಿದ್ದೀನಿ, ಅಪ್ಪಂಗೆ."