ಕರೆಂಟ್ ಹೋಯ್ತಾ?

ನಮ್ಮದು ರೀಹ್ಯಾಬ್, ಆಪರೇಷನ್ ಆದವರನ್ನು ಮತ್ತೆ ಓಡಾಡುವ ಹಾಗೆ ಮಾಡುವ ಜಾಗ. ಬೇರೆ ಆಸ್ಪತ್ರೆಯಿಂದ ಇಲ್ಲಿಗೆ ಕಳಿಸುವ ಶಿಫ್ಟ್ ಕೇಸ್ ಬೆಳಿಗ್ಗೆ ಹತ್ತಕ್ಕೆ ಬಂದಿದ್ದನ್ನು ನಾನಂತೂ ನೋಡಿಲ್ಲ. ಮೈಸೂರಿನಲ್ಲಿ ಬಿಲ್ ಸೆಟ್ಲ್ ಆಗಬೇಕು, ಇನ್ಶೂರೆನ್ಸ್ ಅಪ್ರೂವಲ್ ಬರಬೇಕು, ಡಿಸ್ಚಾರ್ಜ್ ಸಮರಿಗೆ ಸೈನ್ ಬೀಳಬೇಕು. ಅಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ, ಕುಶಾಲನಗರದಿಂದ ಮೇಲಕ್ಕೆ ತಿರುವು ಹತ್ತಿಕೊಂಡು ಮಡಿಕೇರಿ ಕಡೆ ಬರುವಾಗ ಸಂಜೆ. ಡ್ಯೂಟಿ ಡಾಕ್ಟರ್ ಮೇಲಿನ ಫ್ಲೋರಿನಲ್ಲಿ ರೌಂಡ್ಸ್‌ನಲ್ಲಿರುತ್ತಾರೆ. ಕೆಳಗೆ ಸಿಸ್ಟರ್, ಅಟೆಂಡರ್, ಫಿಸಿಯೋ ಅಂತ ನಾನು.

ನಮ್ಮ ಮ್ಯಾನೇಜ್‌ಮೆಂಟಿಗೆ ಒಂದು ಆಸೆ. ಪೇಷಂಟ್ ಬಂದ ದಿನವೇ ಒಂದು ಸಲ ಎದ್ದು ನಿಲ್ಲಬೇಕು. ಸಿಸ್ಟಮ್‌ನಲ್ಲಿ ‘ಡೇ ಜೀರೋ ಮೊಬಿಲೈಸೇಷನ್’ ಅಂತ ಬಾಕ್ಸ್ ಇದೆ, ಅದಕ್ಕೆ ಟಿಕ್ ಬೀಳದಿದ್ದರೆ ಮರುದಿನದ ಮೀಟಿಂಗ್‌ನಲ್ಲಿ ಹೆಸರು ಬರುತ್ತದೆ. ದುಡ್ಡು ಕಟ್ಟಿದ ಮನೆಯವರಿಗೆ ಮೊದಲ ದಿನವೇ ಏನಾದರೂ ಕಾಣಬೇಕಲ್ವಾ, ಅದಕ್ಕೆ.

ಆ ಸಂಜೆ ಬಂದವರು ನಿವೃತ್ತ ಸುಬೇದಾರರು. ಎಪ್ಪತ್ತರ ಹತ್ತಿರದ ವಯಸ್ಸು. ಮೆಣಸು ಕೊಯ್ಯುವ ಆಳು ಬರಲಿಲ್ಲ ಅಂತ ತಾವೇ ಏಣಿ ಹತ್ತಿ ಸಿಲ್ವರ್ ಮರದಿಂದ ಬಿದ್ದಿದ್ದರು. ಬಲ ತೊಡೆಮೂಳೆ ಮುರಿದು, ಮೈಸೂರಿನಲ್ಲಿ ನೇಲಿಂಗ್, ಅಂದರೆ ಮೂಳೆಯೊಳಗೆ ರಾಡ್ ಕೂರಿಸುವ ಆಪರೇಷನ್, ಆಗಿ ಒಂದು ವಾರ ಕಳೆದಿತ್ತು. ಮನೆ ತೋಟದ ನಡುವೆ, ರಸ್ತೆಯಿಂದ ಒಳಗೆ ಜೀಪ್ ಮಾತ್ರ ಹೋಗುತ್ತದೆ, ಅಂಗಳಕ್ಕೆ ಕಲ್ಲಿನ ಮೆಟ್ಟಿಲು. ವಾಕರ್ ಹಿಡಿದು ಅಲ್ಲಿಗೆ ಹೋಗಿ ಮಾಡುವುದೇನು? ಕೊಡಗಿನ ಅರ್ಧ ಮನೆಗಳ ಕಥೆ ಇದೇ. ಆಪರೇಷನ್ ಚೆನ್ನಾಗೇ ಆಗಿರುತ್ತದೆ, ಮನೆ ತಲುಪುವುದೇ ಕಷ್ಟ. ಅದಕ್ಕೇ ಮಗ ಸೀದಾ ರೀಹ್ಯಾಬ್‌ಗೆ ಸೇರಿಸಿದ್ದು.

ಸಮರಿಯಲ್ಲಿ ಎಲ್ಲ ಇತ್ತು. ನೇಲಿನ ಸೈಜು, ಸ್ಕ್ರೂ ಎಷ್ಟು, ಹಿಮೋಗ್ಲೋಬಿನ್ 9.1. ‘ಮೊಬಿಲೈಸ್ ಆಸ್ ಟಾಲರೇಟೆಡ್’, ಅಂದರೆ ತಡೆದುಕೊಳ್ಳುವಷ್ಟು ಓಡಾಡಿಸಿ. ಫೋನ್‌ನಲ್ಲಿ ಹ್ಯಾಂಡೋವರ್ ಕೊಟ್ಟ ಸಿಸ್ಟರ್ ‘ವೈಟಲ್ಸ್ ಸ್ಟೇಬಲ್’ ಅಂದು ಇಟ್ಟರಂತೆ. ನಮ್ಮಲ್ಲಿ ಮಲಗಿಸಿ ನೋಡಿದ ಬಿಪಿ 118/70. ಬಿಪಿ ಪೇಷಂಟ್‌ಗೆ ಇಷ್ಟು ಚೆಂದದ ರೀಡಿಂಗ್ ಸಿಕ್ಕಿದರೆ ಯಾರಿಗೆ ಬೇಡ? ಮೊನ್ನೆಯವರೆಗಿನ ರೀಡಿಂಗ್ ಎಷ್ಟಿತ್ತು ಅಂತ ಯಾರೂ ತಿರುಗಿಸಿ ನೋಡಲಿಲ್ಲ. 140ರ ಮೇಲೇ ಓಡುತ್ತಿತ್ತು.

ಮಂಚದ ಅಂಚಿಗೆ ಕೂರಿಸಿದೆ. ಎದೆ ಸೆಟೆಸಿ ಕೂತರು. ಆಂಕಲ್ ಪಂಪ್ ಮಾಡಿ, ಪಾದ ಮೇಲೆ ಕೆಳಗೆ ಆಡಿಸಿ ಅಂದರೆ ಪೆರೇಡ್ ಥರ ಎಣಿಸಿಕೊಂಡು ಮಾಡಿದರು.

“ತಲೆ ಸುತ್ತುತ್ತಾ ಅಂಕಲ್?”

“ಎಂಥದೂ ಇಲ್ಲ ಮಗಳೇ.”

ಕೂತಾಗ ಒಂದು ಬಿಪಿ ನೋಡಬೇಕು. ಮಷೀನು ಪಕ್ಕದ ರೂಮಿಗೆ ಹೋಗಿತ್ತು. ಈ ಮನುಷ್ಯನಿಗೆ ಏನಾಗುತ್ತೆ ಅಂದುಕೊಂಡೆ. ನಮ್ಮ ಮನೆಯಲ್ಲೂ ಇಂಥವರೇ ಇದ್ದರು. ಜ್ವರ 103 ಇದ್ದರೂ ‘ಎಂಥದೂ ಇಲ್ಲ’ ಅನ್ನುವವರು. ಆ ಉತ್ತರಕ್ಕೆ ಎಷ್ಟು ಬೆಲೆ ಅಂತ ನನಗೆ ಗೊತ್ತಿರಬೇಕಿತ್ತು. ಬೆಲ್ಟ್ ಕಟ್ಟಿದೆ, ವಾಕರ್ ಮುಂದಿಟ್ಟೆ, ಅಟೆಂಡರ್ ಎಡಗಡೆ, ನಾನು ಬಲಗಡೆ. ಒನ್, ಟೂ, ಥ್ರೀ. ಎದ್ದು ನಿಂತರು. ಮಗ ಮೊಬೈಲ್‌ನಲ್ಲಿ ವಿಡಿಯೋ ಶುರು ಮಾಡಿದ. ಎರಡು ಹೆಜ್ಜೆ ಚೆನ್ನಾಗಿಯೇ ಇಟ್ಟರು, ನೋವಿಗೆ ಹಲ್ಲು ಕಚ್ಚಿದ್ದು ಬಿಟ್ಟರೆ.

ಆಮೇಲೆ ನಿಂತು, ಮುಖ ಎತ್ತಿ ಕೇಳಿದರು: “ಕರೆಂಟ್ ಹೋಯ್ತಾ?”

ಹಿಂದಿನ ದಿನ ಹೂಮಳೆ ಬಂದಿತ್ತು, ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಬಾಯಿಗೆ ಬಂದಂತೆ ಹೇಳಿಬಿಟ್ಟೆ: “ಇಲ್ಲಿ ಯಾವಾಗ್ಲೂ ಹೋಗ್ತಾ ಇರುತ್ತೆ ಅಂಕಲ್, ಈಗ ಬರುತ್ತೆ.” ಅಟೆಂಡರ್ ನನ್ನ ಮುಖ ನೋಡಿದ. ತಲೆ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು.

ಅವರ ಕೈ ಆಗಲೇ ಒದ್ದೆ. ತುಟಿ ಬೂದಿ ಬಣ್ಣ. ವಾಕರ್ ಹಿಡಿದ ಬೆರಳು ಒಂದೊಂದಾಗಿ ಸಡಿಲ ಆಗುವುದು ಕಾಣುತ್ತಿತ್ತು. ವೀಲ್‌ಚೇರ್ ಬೆನ್ನ ಹಿಂದೆ ಇರಬೇಕು, ಅದು ಬಾಗಿಲ ಹತ್ತಿರ ಇತ್ತು. ಮಂಚ ಎರಡು ಹೆಜ್ಜೆ ಹಿಂದೆ. ಬೆಲ್ಟ್ ಹಿಡಿದು ಹಿಂದಕ್ಕೆ ಎಳೆದೆವು. ಬಲಗಾಲು ತಿರುಚಬಾರದು, ತಲೆ ಮಂಚದ ಕಂಬಿಗೆ ಬಡಿಯಬಾರದು, ಇಬ್ಬರೂ ಉಸಿರು ಬಿಡಲಿಲ್ಲ. ಅರ್ಧ ಮೈ ಮಂಚದ ಮೇಲೆ ಬಿತ್ತು, ಉಳಿದರ್ಧ ನನ್ನ ಮೇಲೆ. ಮಗ ಇನ್ನೂ ವಿಡಿಯೋ ಮಾಡುತ್ತಲೇ ಇದ್ದ, ಪಾಪ, ನಿಲ್ಲಿಸಲು ಮರೆತಿದ್ದ.

ಕಾಲು ಎತ್ತರ ಮಾಡಿ ಬಿಪಿ ನೋಡಿದರೆ 84/50. ತೊಡೆಮೂಳೆ ಆಪರೇಷನ್ ಆಗಿ ಒಂದು ವಾರ, ನಾಲ್ಕು ಗಂಟೆ ಆಂಬ್ಯುಲೆನ್ಸ್‌ನಲ್ಲಿ ಅಲುಗಾಡದೆ ಮಲಗಿ ಬಂದವರು, ನಿಂತ ಕೂಡಲೇ ಕುಸಿದರೆ ಮೊದಲು ನೆನಪಾಗುವುದು ಶ್ವಾಸಕೋಶಕ್ಕೆ ಹೋದ ಕ್ಲಾಟ್, ಹೆಪ್ಪುಗಟ್ಟಿದ ರಕ್ತ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಸ್ಯಾಚುರೇಷನ್ ಪ್ರೋಬ್ ಬೆರಳಿಗೆ ಹಾಕಿದೆವು. ಬೆರಳು ತಣ್ಣಗಿತ್ತು, ರೀಡಿಂಗ್ ಬರಲಿಲ್ಲ. ಬೆರಳು ಉಜ್ಜಿ ಮತ್ತೆ ಹಾಕಿದರೆ ಗೆರೆ ಗೆರೆ. ಆ ಹಾಳು ಪ್ರೋಬ್ ಬದಲಾಯಿಸಿ ಅಂತ ಇಂಡೆಂಟ್ ಹಾಕಿ ತಿಂಗಳುಗಳಾಗಿದ್ದವು. ಡ್ಯೂಟಿ ಡಾಕ್ಟರ್ ಮೆಟ್ಟಿಲು ಇಳಿದು ಬರುವ ಹೊತ್ತಿಗೆ ಕಿವಿಗೆ ಹಾಕಿ ನೋಡಿದೆವು, 97 ಬಂತು. ಶುಗರ್ 132. ಇಸಿಜಿ ಸರಿ. ತೊಡೆ ಊದಿಲ್ಲ, ಡ್ರೆಸಿಂಗ್ ಒಣಗಿದೆ. ಸಲೈನ್ ಹೋಗುತ್ತಿದ್ದಂತೆ ಮುಖಕ್ಕೆ ಬಣ್ಣ ಬಂತು. ಕಣ್ಣು ಬಿಟ್ಟು ಅವರು ಕೇಳಿದ್ದು, “ಬಂತಾ?”

ಆಗ ಡಾಕ್ಟರ್ ಮಾತ್ರೆಯ ಲೆಕ್ಕ ಶುರು ಮಾಡಿದರು. ಅವರ ಹೆಂಡತಿ, ಆಂಟಿ, ಒಂದು ಪ್ಲಾಸ್ಟಿಕ್ ಕವರ್ ಮಡಿಲಲ್ಲಿ ಇಟ್ಟುಕೊಂಡಿದ್ದರು. ಅಡ್ಮಿಷನ್ ದಿನ ಮನೆಯಿಂದ ತಂದ ಮಾತ್ರೆ. ‘ಇದು ಬೇಡ, ನಾವೇ ಕೊಡ್ತೀವಿ’ ಅಂತ ಮೈಸೂರಿನಲ್ಲಿ ವಾಪಸ್ ಕೊಟ್ಟಿದ್ದರಂತೆ. ವಾರ್ಡಿನಲ್ಲಿ ಅವತ್ತು ಬೆಳಿಗ್ಗೆಯ ಮಾತ್ರೆ ಆಗಿತ್ತು. ಆಂಟಿ ಆಗ ಬಿಲ್ ಕೌಂಟರ್‌ನಲ್ಲಿದ್ದರು, ನೋಡಿಲ್ಲ. ಹುಣಸೂರಿನಲ್ಲಿ ಗಾಡಿ ನಿಲ್ಲಿಸಿ ಎರಡು ಇಡ್ಲಿ ತಿನ್ನಿಸಿ, ಗಲಾಟೆಯಲ್ಲಿ ಬಿಪಿ ಮಾತ್ರೆ ತಪ್ಪಿಹೋಯ್ತಲ್ಲ ಅಂತ ಕವರ್‌ನಿಂದ ಒಂದು ಕೊಟ್ಟರು. “ಹತ್ತು ವರ್ಷದಿಂದ ತಿಂಡಿ ಆದ ಮೇಲೆ ನಾನೇ ಕೊಡೋದು” ಅಂದರು. ಅದರಲ್ಲಿ ತಪ್ಪೇನಿದೆ?

ಆಂಟಿಯ ಕವರ್‌ನದು, ಮೈಸೂರಿನವರದು, ಎರಡೂ ಸ್ಟ್ರಿಪ್ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದು ಬೆಳ್ಳಿ ಬಣ್ಣ, ಒಂದು ಕೆಂಪು. ಕಂಪನಿ ಬೇರೆ, ಹೆಸರು ಬೇರೆ, ಅಕ್ಷರ ದಪ್ಪ. ಕೆಳಗೆ ಇರುವೆ ಸಾಲಿನ ಹಾಗೆ ಎರಡರಲ್ಲೂ ಒಂದೇ: ಟೆಲ್ಮಿಸಾರ್ಟಾನ್ 40. ಬೆಳಿಗ್ಗೆಯಿಂದ 80 ಒಳಗೆ ಹೋಗಿದೆ. ಇದರ ಜೊತೆ, ಕ್ಯಾಥೆಟರ್ ತೆಗೆದ ಮೇಲೆ ಮೂತ್ರ ಸರಿಯಾಗಿ ಹೋಗಲಿ ಅಂತ ಟ್ಯಾಮ್ಸುಲೋಸಿನ್ ಹೊಸದಾಗಿ ಶುರು ಮಾಡಿದ್ದರು. ಅದೂ ಎದ್ದು ನಿಂತಾಗ ಬಿಪಿ ಇಳಿಸುವ ಗಿರಾಕಿ. ಸಾಲದ್ದಕ್ಕೆ ಅಂಕಲ್ ದಾರಿಯುದ್ದಕ್ಕೂ ನೀರು ಮುಟ್ಟಿರಲಿಲ್ಲ. ಆಂಬ್ಯುಲೆನ್ಸ್‌ನಲ್ಲಿ ಹೆಂಡತಿ, ಸೊಸೆ ಎದುರು ಯೂರಿನ್ ಪಾಟ್ ಕೇಳುವುದು ಹೇಗೆ ಅಂತ. ರಕ್ತ ಮೊದಲೇ ಕಡಿಮೆ. ಮಲಗಿದ್ದಾಗ ಎಲ್ಲ ಮುಚ್ಚಿಕೊಂಡಿತ್ತು, ನಿಲ್ಲಿಸಿದ ಕೂಡಲೇ ಬಯಲಾಯ್ತು.

ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಪೋಸ್ಚರಲ್ ಹೈಪೊಟೆನ್ಷನ್ ಅಂತ ಸೆಕೆಂಡ್ ಇಯರ್ ವಿದ್ಯಾರ್ಥಿಯೂ ಹೇಳುತ್ತಾನೆ. ಗೊತ್ತಿರುವುದಕ್ಕೂ ಪಕ್ಕದ ರೂಮಿಗೆ ಹೋಗಿ ಮಷೀನು ತರುವುದಕ್ಕೂ ನಡುವೆ ಒಂದು ಟಿಕ್ ಬಾಕ್ಸ್ ಇತ್ತು.

ನನಗೆ ಈಗಲೂ ಸಿಟ್ಟು ಬರುವುದು ಆ ನಾಲ್ಕು ಗಂಟೆಯ ಬಗ್ಗೆ. ಅಲ್ಲಿ ಡಿಸ್ಚಾರ್ಜ್ ಆಗಿದೆ, ಇಲ್ಲಿ ಅಡ್ಮಿಷನ್ ಆಗಿಲ್ಲ. ಆ ಹೊತ್ತಿನಲ್ಲಿ ಪೇಷಂಟ್ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕೊನೆಯ ಡೋಸ್ ಎಷ್ಟು ಹೊತ್ತಿಗೆ ಅಂತ ಬರೆಯಲು ಸಮರಿಯಲ್ಲಿ ಜಾಗವೇ ಇಲ್ಲ. ನಮ್ಮ ಸಾಫ್ಟ್‌ವೇರ್ ಅಂತೂ ಕೇಳಲೇಬೇಡಿ, ಬ್ರ್ಯಾಂಡ್ ಹೆಸರು ಟೈಪ್ ಮಾಡಿದರೆ ಮಾತ್ರ ತಗೊಳ್ಳುತ್ತದೆ. ಒಂದೇ ಔಷಧಿ ಎರಡು ಹೆಸರಿನಲ್ಲಿ ಹಾಕಿ, ಸದ್ದಿಲ್ಲದೆ ಸೇವ್ ಆಗುತ್ತದೆ. ವೆಂಡರ್‌ಗೆ ಬರೆದೆವು. ‘ನೆಕ್ಸ್ಟ್ ಅಪ್‌ಡೇಟ್’ ಅಂದರು.

ಮೀಟಿಂಗ್‌ನಲ್ಲಿ ದೊಡ್ಡ ವಾದ ಆಯ್ತು. ಡೇ ಜೀರೋ ಬಾಕ್ಸ್ ತೆಗೆಯಲು ಮ್ಯಾನೇಜ್‌ಮೆಂಟಿನವರು ಒಪ್ಪಲಿಲ್ಲ. ಮಂಚದ ಅಂಚಿಗೆ ಕೂರಿಸಿದರೂ ಟಿಕ್ ಹಾಕಬಹುದು ಅಂತ ಕೊನೆಗೆ ಒಪ್ಪಿದರು. ಸದ್ಯ, ಅಷ್ಟಾದರೂ ಸಿಕ್ಕಿತು. ಬಿಪಿ ಮಷೀನು ಈಗ ಫಿಸಿಯೋ ರೂಮಿಗೆ ಬೇರೆ ಒಂದು ಬಂದಿದೆ. ತಲೆ ಸುತ್ತುತ್ತಾ ಅಂತ ಕೇಳುವುದನ್ನು ನಾನು ಬಿಟ್ಟಿದ್ದೇನೆ, ಗೋಡೆ ಕ್ಯಾಲೆಂಡರ್‌ನಲ್ಲಿ ಯಾವ ತಿಂಗಳು ಇದೆ ಓದಿ ಅನ್ನುತ್ತೇನೆ.

ಕವರ್ ಬಿಚ್ಚುವ ಕೆಲಸ ಸಿಸ್ಟರ್‌ದು. ಟ್ರೇ ಮೇಲೆ ಎಲ್ಲ ಸುರಿದು, ಸಣ್ಣ ಅಕ್ಷರ ಓದಿ, ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆಯುತ್ತಾರೆ. ಕೆಲವು ಮನೆಯವರಿಗೆ ಸಿಟ್ಟು ಬರುತ್ತದೆ, ನಮ್ಮ ಬ್ಯಾಗ್ ಯಾಕೆ ಕೆದಕುತ್ತೀರಿ ಅಂತ. ಮೊನ್ನೆ ಸೊಂಟದ ಆಪರೇಷನ್ ಆಗಿ ಬಂದ ಅಜ್ಜಿಯ ಕವರ್‌ನಲ್ಲಿ ಥೈರಾಯ್ಡ್ ಮಾತ್ರೆಯ ಡಬ್ಬಿ ಸಿಕ್ಕಿತು. ಸಮರಿಯಲ್ಲಿ ಅದರ ಸುದ್ದಿಯೇ ಇಲ್ಲ. ಆಪರೇಷನ್ ದಿನದಿಂದ ಕೊಟ್ಟಿರಲಿಲ್ಲವಂತೆ. “ಅವರು ಬರೆದಿಲ್ಲ, ಅಂದರೆ ನಿಲ್ಲಿಸಿದ್ದಾರೆ ಅಂದುಕೊಂಡೆವು” ಅಂದಳು ಮಗಳು. ಡ್ಯೂಟಿ ಡಾಕ್ಟರ್ ಮೈಸೂರಿಗೆ ಫೋನ್ ಹಚ್ಚಿದರೆ, ಆ ಕಡೆಯವರು ಅವರನ್ನೇ ಕೇಳಿದರು: “ಅಜ್ಜಿಗೆ ಥೈರಾಯ್ಡ್ ಇತ್ತಾ?”